ಕರೆಂಟು ಹೋದಾಗ ಸೈರನ್ ಕೂಗಲಿಲ್ಲ, ಯಾಕೆ?

ಪ್ರಶ್ನೆ: ಬಳ್ಳಾರಿ ಹತ್ತಿರ ನಮ್ಮದೊಂದು ಕೋಲ್ಡ್ ಸ್ಟೋರೇಜ್ ಇದೆ. ರೈತರ ಒಣಮೆಣಸಿನಕಾಯಿ ಚೀಲ ಇಡುತ್ತೇವೆ. ದೂರದಿಂದಲೇ ನೋಡಿಕೊಳ್ಳುವ ಮಾನಿಟರಿಂಗ್ ಹಾಕಿಸಿದ್ದೇವೆ. ಚೇಂಬರ್ ಬಿಸಿಯಾದರೆ ಸೈರನ್ ಕೂಗಬೇಕು, ಫೋನಿಗೆ ಮೆಸೇಜ್ ಬರಬೇಕು. ಮೊನ್ನೆ ರಾತ್ರಿ ಕರೆಂಟು ಹೋಯಿತು, ಜನರೇಟರ್ ಸ್ಟಾರ್ಟ್ ಆಗಲಿಲ್ಲ. ಸೈರನ್ನೂ ಇಲ್ಲ, ಮೆಸೇಜೂ ಇಲ್ಲ. ಬೇರೆ ದಿನ ಸುಮ್ನೆ ಬಾಗಿಲು ತೆಗೆದರೂ ಕೂಗುತ್ತೆ. ಹಾಕಿದವರು ಎಲ್ಲ ಸರಿ ಇದೆ ಅಂತಾರೆ.
(ಒಬ್ಬ ಓದುಗರು, ಬಳ್ಳಾರಿ)

ಉತ್ತರ: ಎಲ್ಲ ಸರಿ ಇಲ್ಲ. ನಿಮ್ಮ ಸೈರನ್ ಕೂಗಬೇಕಾದರೆ ಕರೆಂಟು ಇರಲೇಬೇಕು, ಹಾಗೆ ವೈರಿಂಗ್ ಮಾಡಿದ್ದಾರೆ ಅನ್ನಿಸುತ್ತದೆ. ಮಾನಿಟರಿಂಗ್ ಬಾಕ್ಸಿನ ಮುಚ್ಚಳ ತೆಗೆದು ರಿಲೇ (ಕರೆಂಟು ಕೊಟ್ಟರೆ ಎಳೆದುಕೊಳ್ಳುವ ಚಿಕ್ಕ ಸ್ವಿಚ್) ಟರ್ಮಿನಲ್ ನೋಡಿ. ಮೂರು ಸ್ಕ್ರೂ ಇರುತ್ತವೆ: ಕಾಮನ್, ಎನ್‌ಒ (ನಾರ್ಮಲಿ ಓಪನ್), ಎನ್‌ಸಿ (ನಾರ್ಮಲಿ ಕ್ಲೋಸ್ಡ್). ಸಾಮಾನ್ಯವಾಗಿ ಸೈರನ್ ವೈರನ್ನು ಕಾಮನ್ ಮತ್ತು ಎನ್‌ಒ ಮಧ್ಯೆ ಹಾಕಿಬಿಡುತ್ತಾರೆ. ಆಗ ಅಲಾರಂ ಬಂದಾಗ ರಿಲೇ ಎಳೆದುಕೊಂಡು ಸೈರನ್ ಕೂಗುತ್ತದೆ. ಆದರೆ ಬಾಕ್ಸಿಗೇ ಕರೆಂಟು ಇಲ್ಲದಿದ್ದರೆ ರಿಲೇ ಎಳೆಯೋದು ಹೇಗೆ?

ಇದನ್ನು ಉಲ್ಟಾ ಮಾಡಿಸಿ. ಸೆಟ್ಟಿಂಗ್‌ನಲ್ಲಿ ಆ ರಿಲೇಗೆ ಫೇಲ್‌ಸೇಫ್ ಅನ್ನುವ ಆಯ್ಕೆ ಇರುತ್ತದೆ, ಕೆಲವು ಕಂಪನಿಯವರು ಅದನ್ನೇ ನಾರ್ಮಲಿ ಎನರ್ಜೈಸ್ಡ್ ಅಂತ ಬರೆದಿರುತ್ತಾರೆ. ಅದನ್ನು ಆನ್ ಮಾಡಿದರೆ ಎಲ್ಲ ಚೆನ್ನಾಗಿದ್ದಷ್ಟು ಹೊತ್ತು ರಿಲೇ ಎಳೆದುಕೊಂಡೇ ಇರುತ್ತದೆ. ಅಲಾರಂ ಬಂದರೂ ಬಿಡುತ್ತದೆ, ಬಾಕ್ಸ್ ಸತ್ತರೂ ಬಿಡುತ್ತದೆ. ಸೈರನ್ ವೈರು ಆಗ ಕಾಮನ್ ಮತ್ತು ಎನ್‌ಸಿ ಮಧ್ಯೆ ಬರಬೇಕು. ಇಲ್ಲಿ ಎಲೆಕ್ಟ್ರಿಷಿಯನ್‌ಗಳೂ ಗೊಂದಲ ಮಾಡಿಕೊಳ್ಳುತ್ತಾರೆ. ಎನ್‌ಸಿ ಅನ್ನೋದು ರಿಲೇಗೆ ಕರೆಂಟು ಇಲ್ಲದಾಗ ಸೇರಿಕೊಂಡಿರುವ ತುದಿ. ನಿಮ್ಮ ಚೇಂಬರ್ ನಾರ್ಮಲ್ ಇರೋದಕ್ಕೂ ಅದಕ್ಕೂ ಸಂಬಂಧವಿಲ್ಲ. ಸೈರನ್ನಿಗೆ ಚಾರ್ಜರ್ ಇರುವ ಬೇರೆ 12 ವೋಲ್ಟ್ ಬ್ಯಾಟರಿ ಕೊಡಿ.

ಮೆಸೇಜ್ ಹೋಗಬೇಕಾದರೆ ಬಾಕ್ಸ್ ಮತ್ತು ರೂಟರ್ ಎರಡೂ ಯುಪಿಎಸ್ ಮೇಲೆ ಇರಬೇಕು. ಆದರೆ ಯುಪಿಎಸ್ ಹಾಕಿದ ಮೇಲೆ ಕರೆಂಟು ಹೋಗಿದ್ದು ಬಾಕ್ಸಿಗೆ ಗೊತ್ತೇ ಆಗೋದಿಲ್ಲ, ಅಲ್ವಾ? ಅದಕ್ಕೆ ಕಂಪ್ರೆಸರ್ ಪ್ಯಾನೆಲ್‌ನಲ್ಲಿ ಒಂದು ಫೇಸ್ ಫೇಲ್ಯೂರ್ ರಿಲೇ ಇಟ್ಟು ಅದರ ಕಾಂಟ್ಯಾಕ್ಟನ್ನು ಬಾಕ್ಸಿನ ಡಿಜಿಟಲ್ ಇನ್‌ಪುಟ್‌ಗೆ (ಆನ್ ಇದೆಯಾ ಆಫ್ ಇದೆಯಾ ಅಂತಷ್ಟೇ ಓದುವ ತುದಿ) ತನ್ನಿ. ಮೂರರಲ್ಲಿ ಒಂದು ಫೇಸ್ ಹೋದರೂ ಅದು ಹೇಳುತ್ತದೆ. ಚೇಂಬರ್ ಬಿಸಿಯಾಗೋಕೆ ಎಷ್ಟೋ ಹೊತ್ತು ಮುಂಚೆಯೇ ನಿಮಗೆ ಸುದ್ದಿ ಸಿಗುತ್ತದೆ, ಜನರೇಟರ್ ಹತ್ತಿರ ಓಡೋಕೆ ಟೈಮ್ ಇರುತ್ತದೆ. ಇದರ ಜೊತೆ ಸರ್ವರ್ ಕಡೆಯಲ್ಲಿ 'ಬಾಕ್ಸ್ ಆಫ್‌ಲೈನ್' ಅಲರ್ಟನ್ನೂ ಆನ್ ಮಾಡಿ. ಬಾಕ್ಸೇ ಸುಟ್ಟುಹೋದರೆ ನಿಮ್ಮ ಫೋನಿಗೆ ಹೇಳುವುದು ಅದೊಂದೇ.

ಬಾಗಿಲು ತೆಗೆದರೆ ಕೂಗೋದು ಡಿಲೇ ಇಲ್ಲದ್ದರಿಂದ. ಚೇಂಬರ್ 6 ಡಿಗ್ರಿಯಲ್ಲಿ ಓಡುತ್ತಿದ್ದರೆ ಅಲಾರಂ 10ಕ್ಕೆ ಇಡಿ, 8ಕ್ಕೆ ಇಳಿದ ಮೇಲೆ ತೆರವಾಗಲಿ, 15 ನಿಮಿಷ ಡಿಲೇ ಇರಲಿ. ಅಷ್ಟೊಂದು ಚೀಲ ಒಮ್ಮೆಲೇ ಬಿಸಿಯಾಗೋದಿಲ್ಲ. ಸೆನ್ಸರ್ ಬಾಗಿಲ ಪಕ್ಕದಲ್ಲಿದ್ದರೆ ಒಳಗೆ ಸರಿಸಿ. ಸುಮ್ಸುಮ್ನೆ ಕೂಗುವ ಸೈರನ್ನಿನ ವೈರನ್ನು ಒಂದಲ್ಲ ಒಂದು ದಿನ ಯಾರೋ ಕಿತ್ತು ಹಾಕುತ್ತಾರೆ.

ನಿಮ್ಮದು ಅಮೋನಿಯಾ ಗ್ಯಾಸಿನಿಂದ ತಂಪು ಮಾಡುವ ಪ್ಲಾಂಟ್ ಆಗಿದ್ದರೆ ಗ್ಯಾಸ್ ಸೋರಿಕೆ ಸೆನ್ಸರಿಗೆ ಮಾತ್ರ ಡಿಲೇ ಬೇಡವೇ ಬೇಡ. ಹಿಂದಿನ ಕಾರ್ಖಾನೆ ಕಾಯ್ದೆಯಲ್ಲಿ 8 ಗಂಟೆ ಕೆಲಸಕ್ಕೆ ಮಿತಿ 25 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 25 ಭಾಗ), ಸ್ವಲ್ಪ ಹೊತ್ತಿಗೆ 35 ಇತ್ತು. ಮೊದಲ ಅಲಾರಂ 25ಕ್ಕೇ ಇಡಿ. 300 ಪಿಪಿಎಂ ಅಂದರೆ ಪ್ರಾಣಕ್ಕೇ ಅಪಾಯ. ಅದಕ್ಕೆ ಪ್ರತ್ಯೇಕ ರಿಲೇ, ಪ್ರತ್ಯೇಕ ಸೈರನ್ ಕೊಡಿ, ಕೇಳಿದ ಕೂಡಲೇ ಹಮಾಲರು ಚೀಲ ಬಿಟ್ಟು ಹೊರಗೆ ಬರಬೇಕು ಅಂತ ಮೊದಲೇ ಹೇಳಿಟ್ಟಿರಿ. ಫೋನಿಗೆ ಮೆಸೇಜ್ ಬಂದರೆ ಸಾಲದು, ಒಳಗಿರುವವರಿಗೆ ಕೇಳಬೇಕು.

ಫೇಲ್‌ಸೇಫ್ ಮಾಡಿದರೂ ಸೈರನ್ನಿನ ವೈರನ್ನೇ ಇಲಿ ಕಡಿದರೆ ಯಾರಿಗೂ ಗೊತ್ತಾಗೋದಿಲ್ಲ. ವಾರಕ್ಕೊಮ್ಮೆ ಬಾಕ್ಸಿನ ಎಂಸಿಬಿ ಇಳಿಸಿ, ಯುಪಿಎಸ್ ಕೂಡ ಆಫ್ ಮಾಡಿ, ಸೈರನ್ ಕೂಗುತ್ತಾ ನೋಡಿ. ಹಾಕಿದವರನ್ನು ಕರೆಸಿ ಮೊದಲ ಸಲ ಅವರ ಎದುರೇ ಇದನ್ನು ಮಾಡಿ.

ಪ್ರಶ್ನೆ: ಸಿಂಧನೂರಿನಲ್ಲಿ ನಮ್ಮ ಕುಟುಂಬದ ರೈಸ್ ಮಿಲ್ ಇದೆ. ಡ್ರೈಯರ್ ಬಿಸಿಯನ್ನು ಮೊಬೈಲಿನಲ್ಲೇ ನೋಡುತ್ತೇವೆ. ಐದಾರು ಜನಕ್ಕೂ ಒಂದೇ ಲಾಗಿನ್. ಯಾರೋ ಅಲಾರಂ ಆಫ್ ಮಾಡಿದ್ದಾರೆ, ಭತ್ತ ಕಾದು ನುಚ್ಚು ಜಾಸ್ತಿ ಬಂತು. ಯಾರು ಅಂತ ಗೊತ್ತಾಗಲಿಲ್ಲ. ಬೇರೆ ಬೇರೆ ಲಾಗಿನ್ ಮಾಡೋಣ ಅಂದರೆ ನಮ್ಮ ಅಣ್ಣ 'ಮಾಲೀಕ ನಾನು, ನನಗೇ ನೋಡೋಕೆ ಮಾತ್ರ ಅಂದ್ರೆ ಹೆಂಗೆ?' ಅಂತ ಬೇಜಾರು ಮಾಡಿಕೊಂಡರು.
(ಒಬ್ಬ ಓದುಗರು, ರಾಯಚೂರು ಜಿಲ್ಲೆ)

ಉತ್ತರ: ಅಣ್ಣನವರಿಗೆ ಎರಡು ಲಾಗಿನ್ ಮಾಡಿಕೊಡಿ. ಅಡ್ಮಿನ್ ಪಾಸ್‌ವರ್ಡ್ ಬರೆದು, ಕವರ್‌ನಲ್ಲಿ ಹಾಕಿ ಅವರ ಕೈಗೇ ಕೊಡಿ, ತಿಜೋರಿಯಲ್ಲಿ ಇಡಲಿ. ದಿನಾ ನೋಡೋಕೆ ಮಾತ್ರ ಇನ್ನೊಂದು. 'ಅಣ್ಣಾ, ನಿಮ್ಮ ಫೋನು ಕಳೆದರೂ ಮಿಲ್ ಯಾರ ಕೈಗೂ ಹೋಗಬಾರದು, ಅದಕ್ಕೆ' ಅಂತ ಹೇಳಿ. ಅದು ನಿಜ ಕೂಡ. ಅಡ್ಮಿನ್ ಲಾಗಿನ್ ದಿನಾ ಬಳಸಬಾರದು, ಮಾಲೀಕರಾದರೂ ಅಷ್ಟೇ.

ಡ್ರೈಯರ್ ಆಪರೇಟರಿಗೆ ಅಲಾರಂ 'ನೋಡಿದೆ' ಅಂತ ಒತ್ತುವ ಹಕ್ಕು ಸಾಕು. ಒತ್ತಿದರೆ ಸೈರನ್ ನಿಲ್ಲಲಿ, ಆದರೆ ಬಿಸಿ ಇಳಿಯದಿದ್ದರೆ 10 ನಿಮಿಷಕ್ಕೆ ಮತ್ತೆ ಕೂಗಬೇಕು. ಅಲಾರಂ ಆಫ್ ಮಾಡುವುದು, ಡಿಗ್ರಿ ಬದಲಾಯಿಸುವುದು ಅವರ ಲಾಗಿನ್‌ನಲ್ಲಿ ಕಾಣಲೇಬಾರದು. ಅವರು 5 ನಿಮಿಷದಲ್ಲಿ ಒತ್ತದಿದ್ದರೆ ಮೆಸೇಜ್ ಮ್ಯಾನೇಜರಿಗೆ ಹೋಗಲಿ, ಅವರೂ ನೋಡದಿದ್ದರೆ ನಿಮಗೆ. ಎಲ್ಲರಿಗೂ ಒಟ್ಟಿಗೆ ಕಳಿಸಿದರೆ ಇನ್ನೊಬ್ಬರು ನೋಡಿರುತ್ತಾರೆ ಅಂತ ಎಲ್ಲರೂ ಮಲಗಿಬಿಡುತ್ತಾರೆ. ಸರ್ವಿಸ್‌ಗೆ ಬರುವ ಹುಡುಗನ ಲಾಗಿನ್ ಅವನು ಬಂದ ದಿನ ಮಾತ್ರ ಆನ್ ಇರಲಿ. ಕೆಲಸ ಬಿಟ್ಟವರ ಲಾಗಿನ್ ಅವತ್ತೇ ತೆಗೆಯಿರಿ, ಮೆಸೇಜ್ ಪಟ್ಟಿಯಿಂದ ನಂಬರನ್ನೂ ತೆಗೆಯಿರಿ.

ಕಂಪನಿಯಿಂದ ಬಂದಾಗ ಇದ್ದ ಪಾಸ್‌ವರ್ಡೇ ಇನ್ನೂ ಇದ್ದರೆ ಇವತ್ತೇ ಬದಲಾಯಿಸಿ. ರೂಟರಿನಲ್ಲಿ ಪೋರ್ಟ್ ತೆರೆದು ಬಾಕ್ಸನ್ನು ನೇರವಾಗಿ ಇಂಟರ್ನೆಟ್ಟಿಗೆ ಬಿಟ್ಟಿದ್ದರೆ ಅದನ್ನೂ ಮುಚ್ಚಿಸಿ, ವಿಪಿಎನ್ (ಹೊರಗಿನವರು ನುಗ್ಗದಂತೆ ಬೀಗ ಹಾಕಿದ ಇಂಟರ್ನೆಟ್ ದಾರಿ) ಮೂಲಕ ನೋಡಿ. ಇನ್ನು ಯಾರು ಆಫ್ ಮಾಡಿದರು ಅಂತ ಮುಂದೆ ಲಾಗ್‌ನಲ್ಲಿ ನೋಡುವಾಗ ಬಾಕ್ಸಿನ ಗಡಿಯಾರ ಭಾರತದ ಸಮಯಕ್ಕೆ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಯುಟಿಸಿಯಲ್ಲೇ (ಜಾಗತಿಕ ಪ್ರಮಾಣ ಸಮಯ) ಬಿಟ್ಟಿದ್ದರೆ ಐದೂವರೆ ಗಂಟೆ ಹಿಂದೆ ತೋರಿಸುತ್ತದೆ. ರಾತ್ರಿ 2 ಗಂಟೆಗೆ ಆಗಿದ್ದು ಹಿಂದಿನ ದಿನ ಸಂಜೆ 8:30 ಅಂತ ಬಂದಿರುತ್ತದೆ, ಸಂಜೆ ಪಾಳಿಯವರ ಮೇಲೆ ಸುಮ್ನೆ ತಪ್ಪು ಬೀಳುತ್ತದೆ.

ಪ್ರಶ್ನೆ: ಕೊಪ್ಪಳದಲ್ಲಿ ಕೋಳಿ ಶೆಡ್ ಇದೆ. ಮಾನಿಟರಿಂಗ್ ಬಾಕ್ಸಿನ ರಿಲೇಯಿಂದಲೇ ನೇರವಾಗಿ ದೊಡ್ಡ ಫ್ಯಾನ್ ಓಡಿಸಬಹುದಾ?

ಉತ್ತರ: ಬೇಡ. ಬಾಕ್ಸಿನ ರಿಲೇ ಚಿಕ್ಕದು. ಮೋಟರ್ ಸ್ಟಾರ್ಟ್ ಆಗುವಾಗ ಓಡುವುದಕ್ಕಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ, ರಿಲೇ ಕಾಂಟ್ಯಾಕ್ಟ್ ಅಂಟಿಕೊಂಡುಬಿಡುತ್ತದೆ. ಆಮೇಲೆ ಮೊಬೈಲಿನಲ್ಲಿ ಆಫ್ ಅಂತ ತೋರಿಸಿದರೂ ಫ್ಯಾನ್ ನಿಲ್ಲೋದಿಲ್ಲ. ರಿಲೇಯಿಂದ ಕಾಂಟ್ಯಾಕ್ಟರ್ (ಮೋಟರಿನ ಕರೆಂಟು ತಡೆಯುವ ದೊಡ್ಡ ಸ್ವಿಚ್) ಎಳೆಸಿ, ಕಾಂಟ್ಯಾಕ್ಟರ್‌ನಿಂದ ಫ್ಯಾನ್, ಮಧ್ಯೆ ಓವರ್‌ಲೋಡ್ ರಿಲೇ. ಕಾಂಟ್ಯಾಕ್ಟರ್ ಕಾಯಿಲ್ 24 ವೋಲ್ಟ್ ಡಿಸಿ ಆಗಿದ್ದರೆ ಅದಕ್ಕೆ ಅಡ್ಡಲಾಗಿ ಒಂದು ಡಯೋಡ್ ಹಾಕಿಸಿ. ಕಾಂಟ್ಯಾಕ್ಟರಿನ ಆಕ್ಸಿಲರಿ ಕಾಂಟ್ಯಾಕ್ಟನ್ನು (ಅದರ ಜೊತೆಗೇ ಚಲಿಸುವ ಚಿಕ್ಕ ಹೆಚ್ಚುವರಿ ಸ್ವಿಚ್) ಬಾಕ್ಸಿಗೆ ವಾಪಸ್ ತನ್ನಿ, ಕಾಂಟ್ಯಾಕ್ಟರ್ ನಿಜವಾಗಿ ಎಳೆದಿದೆಯಾ ಅಂತ ಗೊತ್ತಾಗುತ್ತದೆ. ನಿಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಮುಚ್ಚಿದ ಶೆಡ್‌ನಲ್ಲಿ ಫ್ಯಾನ್ ನಿಂತರೆ ಕೋಳಿಗಳು ಹೆಚ್ಚು ಹೊತ್ತು ತಡೆಯೋದಿಲ್ಲ, ಆದ್ದರಿಂದ ಇದನ್ನು ಫೆಬ್ರವರಿಯೊಳಗೆ ಮುಗಿಸಿಕೊಳ್ಳಿ.