ನೋವು ಕಾಲಿನಿಂದ ಸೊಂಟಕ್ಕೆ ಬಂದರೆ?

ಪ್ರಶ್ನೆ: ಕುಳಿತೇ ಮಾಡುವ ಕೆಲಸ. ಸೊಂಟದಿಂದ ಬಲ ಮೀನಖಂಡದವರೆಗೂ ಸೆಳೆತವಿತ್ತು. ಫಿಸಿಯೋಥೆರಪಿಯಲ್ಲಿ ಬೋರಲು ಮಲಗಿ ಎದೆ ಎತ್ತಲು ಹೇಳಿಕೊಟ್ಟರು. ನಾಲ್ಕು ದಿನಕ್ಕೆ ಕಾಲಿನ ನೋವು ಇಳಿದಿದೆ, ಸೊಂಟದ್ದು ಹೆಚ್ಚಾಗಿದೆ. ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ. ಕಾಲಿನ ನೋವು ಮೇಲಕ್ಕೆ ಸರಿದು ಸೊಂಟದ ನಡುವೆ ನಿಲ್ಲುವುದು ಒಳ್ಳೆಯ ಲಕ್ಷಣ. ಅಲ್ಲಿ ಕೆಲವು ದಿನ ಜಾಸ್ತಿ ಅನ್ನಿಸುವುದೂ ಉಂಟು. ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿ 1950ರ ದಶಕದಲ್ಲಿ ಗುರುತಿಸಿದ್ದು ಇದನ್ನೇ. ನೋವು ಎಷ್ಟಿದೆ ಎನ್ನುವುದಕ್ಕಿಂತ ಎಲ್ಲಿದೆ ಎಂಬುದನ್ನು ನೋಡಿ. ಅದು ಮೊಣಕಾಲು ದಾಟಿ ಕೆಳಗಿಳಿದರೆ, ಪಾದ ಜೋಮು ಹಿಡಿದರೆ ವ್ಯಾಯಾಮ ನಿಲ್ಲಿಸಿ, ಹೇಳಿಕೊಟ್ಟವರಿಗೆ ತೋರಿಸಿ.

ಮಾಡುವ ಕ್ರಮವನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಿ. ಮೊದಲು 2–3 ನಿಮಿಷ ಸುಮ್ಮನೆ ಬೋರಲು ಮಲಗಿ. ಆಮೇಲೆ ಅಷ್ಟೇ ಹೊತ್ತು ಮೊಣಕೈ ಊರಿ. ನಂತರ ಅಂಗೈಗಳನ್ನು ಭುಜದ ಕೆಳಗಿಟ್ಟು ತೋಳಿನ ಬಲದಿಂದಲೇ ಎದೆ ಎತ್ತಿ, ಒಂದೆರಡು ಸೆಕೆಂಡು ನಿಂತು ಇಳಿಯಿರಿ. ಹೀಗೆ 10 ಸಲ. ಹೆಚ್ಚಿನವರು ತಪ್ಪುವುದು ಇಲ್ಲೇ: ಪೃಷ್ಠ ಬಿಗಿಹಿಡಿಯುತ್ತಾರೆ, ಇಲ್ಲವೇ ಸೊಂಟವನ್ನೂ ಎತ್ತಿಬಿಡುತ್ತಾರೆ. ಆಗ ಬೆನ್ನು ಬಾಗುವುದೇ ಇಲ್ಲ. ಮೇಲೆ ತಲುಪಿದಾಗ ಉಸಿರು ಬಿಡಿ. ಹೊಟ್ಟೆ ತಾನಾಗಿ ಜೋತುಬೀಳುತ್ತದೆ.

ದಿನಕ್ಕೆ ನಾಲ್ಕು ಸಲ ಇದನ್ನು ಮಾಡಿ, ಉಳಿದ ಹೊತ್ತೆಲ್ಲ ಗೂನಾಗಿ ಕುಳಿತರೆ ಗಳಿಸಿದ್ದು ಹೋಯಿತು. ಕುರ್ಚಿಯಲ್ಲಿ ಪೂರ್ತಿ ಹಿಂದೆ ಸರಿದು ಕೂತು, ಸುತ್ತಿದ ಟವೆಲನ್ನು ಬೆಲ್ಟಿನ ಮಟ್ಟಕ್ಕಿಂತ ತುಸು ಮೇಲೆ ಇಟ್ಟುಕೊಳ್ಳಿ. ಅರ್ಧ ಗಂಟೆಗೊಮ್ಮೆ ಎದ್ದೇಳಿ.

ಇದು ಎಲ್ಲರಿಗೂ ಹೊಂದುವುದಿಲ್ಲ. ನಡೆದಾಗ ಕಾಲು ಭಾರವಾಗಿ, ಮುಂದೆ ಬಾಗಿದರೆ ಅಥವಾ ಕುಳಿತರೆ ಹಗುರಾಗುವ ಹಿರಿಯರಲ್ಲಿ ಹಿಂದಕ್ಕೆ ಬಾಗುವುದು ನೋವು ಹೆಚ್ಚಿಸಬಹುದು. ಮಲ-ಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿಯಲ್ಲಿ ಸ್ಪರ್ಶ ತಿಳಿಯದಿದ್ದರೆ, ಪಾದ ಎತ್ತಲಾಗದಿದ್ದರೆ ವ್ಯಾಯಾಮದ ಮಾತೇ ಬೇಡ, ತಕ್ಷಣ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಕತ್ತುನೋವಿಗೆಂದು ಎದೆ ಸೆಟೆದು ಕೂರುತ್ತೇನೆ. ಸಂಜೆಗೆ ಭುಜವೂ ಹಿಡಿದುಕೊಳ್ಳುತ್ತದೆ. ಏನು ತಪ್ಪು?

ಉತ್ತರ: ಸೆಟೆದದ್ದೇ ತಪ್ಪು. ಆ ಬಿಗಿಯನ್ನು ಯಾವ ಸ್ನಾಯುವೂ ದಿನವಿಡೀ ತಾಳದು. ಪೂರ್ತಿ ನೆಟ್ಟಗಾಗಿ, ಅಲ್ಲಿಂದ ಹತ್ತನೇ ಒಂದು ಪಾಲು ಸಡಿಲಿಸಿ. ಕೂರಬೇಕಾದ್ದು ಆ ಜಾಗದಲ್ಲಿ. ತಲೆಯ ತೂಕ ಸುಮಾರು 5 ಕಿಲೋ. ಅದು ಮುಂದೆ ಚಾಚಿದಷ್ಟೂ ಕತ್ತಿನ ಹಿಂದಿನ ಸ್ನಾಯುಗಳಿಗೆ ಎಳೆತ ಜಾಸ್ತಿ. ದಿನಕ್ಕೆ ಕೆಲವು ಸಲ ಗದ್ದವನ್ನು ಹಿಂದಕ್ಕೆ ಸರಿಸಿ, 10ರಂತೆ. ಗದ್ದ ಎದೆಯತ್ತ ಬಾಗಬಾರದು. ಖಾನೆ ಒಳಕ್ಕೆ ತಳ್ಳಿದಂತೆ ನೇರ ಹಿಂದಕ್ಕೆ ಹೋಗಬೇಕು, ದೃಷ್ಟಿ ಎದುರಿಗೇ ಇರಬೇಕು. ಸರಿಯಾಗಿ ಮಾಡಿದರೆ ತಲೆಬುರುಡೆಯ ಬುಡದಲ್ಲಿ ಹಿತವಾದ ಎಳೆತ ಸಿಗುತ್ತದೆ. ತಲೆ ಸುತ್ತಿದರೆ, ಕೈ ಜೋಮು ಹಿಡಿದರೆ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಿ.