ಟೋಲ್ ಬೇಡ ಅನ್ನುವ ಮೇಷ್ಟ್ರಿಗೆ

ಈ ಸಲದ ಪತ್ರ ತುಮಕೂರಿನ ಓದುಗರೊಬ್ಬರದು. ದಾಬಸ್‌ಪೇಟೆ ಕಡೆಯ ಪ್ರೌಢಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ದಿನಾ ಕಾರಲ್ಲಿ ಓಡಾಟ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಪತ್ರದ ತಿರುಳು ಇಷ್ಟು: "ಕಾರು ತಗೊಳ್ಳುವಾಗಲೇ ರಸ್ತೆ ತೆರಿಗೆ ಕಟ್ಟಿದ್ದೇನೆ. ಪೆಟ್ರೋಲಿಗೆ ದಿನಾ ತೆರಿಗೆ ಕಟ್ಟುತ್ತಿದ್ದೇನೆ. ಅದಾದ ಮೇಲೆ ಕ್ಯಾತ್ಸಂದ್ರದಲ್ಲಿ ಟೋಲ್ ಯಾಕೆ? ಟೋಲ್ ಗೇಟುಗಳನ್ನು ಕಿತ್ತು ಹಾಕಲಿ. ದುಡ್ಡು ಬೇಕಿದ್ದರೆ ಪೆಟ್ರೋಲ್ ಮೇಲೆ ಇನ್ನೆರಡು ರೂಪಾಯಿ ಏರಿಸಲಿ. ಎಲ್ಲರಿಗೂ ಸಮನಾಗಿ ಹಂಚಿಹೋಗುತ್ತದೆ."

ಮೇಷ್ಟ್ರೇ, ಮೊದಲ ಮೂರು ಮಾತು ಒಪ್ಪಿದೆ. ಒಂದೇ ಚಕ್ರಕ್ಕೆ ಮೂರು ಸಲ ಸುಂಕ ಕಟ್ಟುವುದು ಯಾರಿಗೂ ಹಿತವಲ್ಲ. ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡ ಹಾಗೆ ಅಂತ ಗಾದೆ ಇದೆ. 2021ರಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಹೇಳಿಕೊಳ್ಳೋಣ ಅಂದರೆ ಸುಂಕದವನೂ ಸಿಗುವುದಿಲ್ಲ. ಮೊಬೈಲ್ ಗುಂಯ್ ಅನ್ನುತ್ತದೆ, ದುಡ್ಡು ಹೋಗಿರುತ್ತದೆ. ನಿಮ್ಮ ಸಿಟ್ಟು ನನಗೂ ಗೊತ್ತು.

ಆದರೆ ಆ ಕೊನೆಯ ಸಾಲು! "ಎಲ್ಲರಿಗೂ ಸಮನಾಗಿ." ಲೆಕ್ಕ ಕಲಿಸುವವರು ಈ ಮಾತು ಬರೆಯಬಾರದಿತ್ತು. ಅದಕ್ಕೇ ಇಷ್ಟುದ್ದ ಉತ್ತರ.

ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಬೆಂಗಳೂರಿನಿಂದ ಗೆಳೆಯರ ಕಾರಲ್ಲಿ ವಾಪಸ್ ಬರುತ್ತಿದ್ದೆ. ಟೋಲ್ ಉಳಿಸೋಣ ಅಂತ ಗೆಳೆಯರಿಗೆ ಹುಮ್ಮಸ್ಸು ಬಂತು. ದಾಬಸ್‌ಪೇಟೆಯಲ್ಲೇ ಬಲಕ್ಕೆ ತಿರುಗಿ, ದೇವರಾಯನದುರ್ಗ, ಊರ್ಡಿಗೆರೆ ಕಡೆಯಿಂದ ಊರು ಸೇರುವ ಯೋಜನೆ. ಕತ್ತಲಾಯಿತು. ದಾರಿ ತಪ್ಪಿತು. ಯಾವುದೋ ಹಳ್ಳಿ ಹತ್ತಿರ ರಸ್ತೆ ತುಂಬಾ ರಾಗಿ ತೆನೆ ಹರಡಿದ್ದರು, ಒಕ್ಕಣೆಗೆ. ಅದರಡಿಯ ಗುಂಡಿ ಕಾಣಲಿಲ್ಲ. ಟೈರ್ ಒಡೆಯಿತು.

ಟಿವಿಎಸ್ ಎಕ್ಸೆಲ್‌ನಲ್ಲಿ ಒಬ್ಬರು ಬಂದರು. ಎರಡು ಕಡೆ ಹಾಲಿನ ಕ್ಯಾನು, ಹಳೇ ಸೈಕಲ್ ಟ್ಯೂಬಲ್ಲಿ ಬಿಗಿದು ಕಟ್ಟಿದ್ದು. ಡೇರಿಗೆ ಹಾಲು ಹಾಕಿ ಮನೆಗೆ ಹೊರಟಿದ್ದರು. ಗಾಡಿ ನಿಲ್ಲಿಸಿ, ಟಾರ್ಚ್ ಬಿಟ್ಟು ನೋಡಿ, "ಟೋಲ್ ಉಳ್ಸಕ್ಕೆ ಬಂದ್ರಾ ಸಾಮಿ?" ಅಂದರು. ಅವರಿಗೆ ನಾವು ಮೊದಲನೆಯವರಲ್ಲ ಅನ್ನುವುದು ದನಿಯಲ್ಲೇ ಗೊತ್ತಾಯಿತು. ಸ್ಟೆಪ್ನಿ ಹಾಕಲು ಅವರೇ ಕೈ ಜೋಡಿಸಿದರು. "ನಿಮ್ಗೆ ಟೋಲ್ ಕಾಟ ಇಲ್ಲ, ಪುಣ್ಯವಂತರು" ಅಂದೆ. "ದ್ವಿಚಕ್ರಕ್ಕೆ ಟೋಲ್ ಇಲ್ಲ ಬುಡಿ. ಆದ್ರೆ ಹೈವೇಗೋಗಿ ನಮ್ಗೇನಾಗ್ಬೇಕು?" ಅಂದರು.

ಆಮೇಲೂ ದಾರಿ ತಪ್ಪಿದೆವು. ಕೊನೆಗೆ ಬೆಳಕಿನ ಸಾಲು ಕಂಡಿತು ಅಂತ ಖುಷಿಯಿಂದ ಹೋದರೆ ಅದೇ ಟೋಲ್ ಗೇಟು. ಸುಂಕ ತಪ್ಪಿಸಲು ರಾತ್ರಿಯೆಲ್ಲ ಸುತ್ತಿದ ವ್ಯಾಪಾರಿ ಬೆಳಗಾದಾಗ ಸುಂಕದ ಕಟ್ಟೆ ಮುಂದೇ ನಿಂತಿದ್ದನಂತೆ. ಹಳೆಯ ಪಂಡಿತರು ಇದಕ್ಕೆ ಘಟ್ಟಕುಟೀ ಪ್ರಭಾತ ಅಂತ ಹೆಸರಿಟ್ಟಿದ್ದಾರೆ. ನಮ್ಮದು ಬೆಳಗಾಗಲಿಲ್ಲ, ರಾತ್ರಿ ಹತ್ತೂವರೆ ಅಷ್ಟೇ.

ಈಗ ಆ ಹಾಲಿನವರ ಲೆಕ್ಕಕ್ಕೆ ಬನ್ನಿ. ಬೆಳಗ್ಗೆ ಸಂಜೆ ಡೇರಿ, ನಡುವೆ ತೋಟ. ದಿನಕ್ಕೆ 20 ಕಿಲೋಮೀಟರ್ ಅಂತಿಟ್ಟುಕೊಳ್ಳಿ. ಮೈಲೇಜ್ 50 ಅನ್ನಿ. ದಿನಕ್ಕೆ 400 ಎಂ.ಎಲ್. ಪೆಟ್ರೋಲ್. 2025ರ ಏಪ್ರಿಲ್‌ನಲ್ಲಿ ಕೇಂದ್ರದ ಅಬಕಾರಿ ಸುಂಕ ಲೀಟರಿಗೆ ₹21.90 ಆಯಿತು. ನಮ್ಮ ರಾಜ್ಯ 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು 25.92%ನಿಂದ 29.84%ಗೆ ಏರಿಸಿತ್ತು. ಎರಡೂ ಸೇರಿದರೆ ಆಗಿನ ಬೆಲೆಯಲ್ಲಿ ಲೀಟರಿಗೆ ಹತ್ತಿರ ಹತ್ತಿರ ₹45. ಅಂದರೆ ಅವರು ದಿನಕ್ಕೆ ₹18, ತಿಂಗಳಿಗೆ ₹540 ತೆರಿಗೆ ಕಟ್ಟಿದ ಹಾಗಾಯಿತು. ಟೋಲ್‌ನಿಂದ 20 ಕಿಲೋಮೀಟರ್ ಒಳಗಿರುವ ನಿಮಗೆ ಅದೇ ವರ್ಷ ತಿಂಗಳ ಪಾಸು ₹350. ನೀವೂ ಪೆಟ್ರೋಲ್ ತೆರಿಗೆ ಕಟ್ಟುತ್ತೀರಿ, ಇಲ್ಲ ಅಂದವರು ಯಾರು? ಆದರೆ ನೀವು ಕಟ್ಟಿದ್ದಕ್ಕೆ ಹೆದ್ದಾರಿ ಸಿಕ್ಕಿತು. ಅವರು ಕಟ್ಟಿದ್ದಕ್ಕೆ ಆ ಗುಂಡಿ. ಈಗ ನೀವು ಹೇಳುವ ಎರಡು ರೂಪಾಯಿಯೂ ಏರಿದರೆ, ಕಾಲಿಡದ ಹೆದ್ದಾರಿಗಾಗಿ ಅವರು ತಿಂಗಳಿಗೆ ಇನ್ನೂ ₹24 ಕೊಡಬೇಕು. ಇದು ಸಮನಾ ಮೇಷ್ಟ್ರೇ?

ಟೋಲ್ ಕೆಟ್ಟದಾಗಿ ಕಾಣುವುದು ಅದು ಕಣ್ಣಿಗೆ ಬೀಳುತ್ತದೆ ಅನ್ನುವ ಒಂದೇ ಕಾರಣಕ್ಕೆ. ಗೇಟಿದೆ, ದರದ ಬೋರ್ಡಿದೆ, ಯಾರ್ಯಾರಿಗೆ ವಿನಾಯಿತಿ ಅನ್ನುವ ಉದ್ದನೆಯ ಪಟ್ಟಿ ಇದೆ (ಅದನ್ನು ಓದಿ ಮುಗಿಸುವಷ್ಟು ಹೊತ್ತು ಕ್ಯೂನಲ್ಲಿ ನಿಂತಿದ್ದೇನೆ). ಎರಡು ಗೇಟುಗಳ ನಡುವೆ ಸಾಮಾನ್ಯವಾಗಿ 60 ಕಿಲೋಮೀಟರ್ ಇರಬೇಕು ಅಂತ 2008ರ ನಿಯಮ ಇದೆ. ಹಾಗಾಗಿ ನೀವು ಜಗಳ ಆಡಬಹುದು, ಪತ್ರ ಬರೆಯಬಹುದು. ಪೆಟ್ರೋಲ್ ಬಂಕಿನಲ್ಲಿ "ಐವತ್ತು ರೂಪಾಯಿಗೆ ಹಾಕಪ್ಪ" ಅನ್ನುವವರು ಯಾರ ಜೊತೆ ಜಗಳ ಆಡಬೇಕು? ಪಂಪಿನ ಮೀಟರ್ ಲೀಟರನ್ನೂ ದುಡ್ಡನ್ನೂ ತೋರಿಸುತ್ತದೆ. ತೆರಿಗೆ ತೋರಿಸುವುದಿಲ್ಲ.

ಇನ್ನು ಕಾರು ಕೊಳ್ಳುವಾಗ ಕಟ್ಟಿದ ಜೀವಿತಾವಧಿ ತೆರಿಗೆ. ಕರ್ನಾಟಕದಲ್ಲಿ ಅದು ಗಾಡಿಯ ಬೆಲೆ ನೋಡುತ್ತದೆ. ಐದು ಲಕ್ಷದೊಳಗಿನ ಕಾರಿಗೆ 13%, ಇಪ್ಪತ್ತು ಲಕ್ಷ ದಾಟಿದರೆ 18%. ಎಷ್ಟು ಓಡಿತು ಅಂತ ಕೇಳುವುದಿಲ್ಲ. ಶೆಡ್ಡಲ್ಲಿ ಧೂಳು ತಿನ್ನುವ ಕಾರಿಗೂ ದಿನಾ ದಾಬಸ್‌ಪೇಟೆಗೆ ಹೋಗುವ ನಿಮ್ಮ ಕಾರಿಗೂ ಒಂದೇ. ಸರ್ಕಾರಕ್ಕೋ ಹದಿನೈದು ವರ್ಷದ ದುಡ್ಡು ಒಂದೇ ದಿನ ಬರುತ್ತದೆ. ಒಂದೇ ಬಜೆಟ್ಟಲ್ಲಿ ಖರ್ಚೂ ಆಗುತ್ತದೆ.

ರಸ್ತೆ ಹಾಳಾಗುವುದು ಭಾರಕ್ಕೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಒಂದು ದೊಡ್ಡ ಪರೀಕ್ಷೆ ನಡೆಯಿತು. ಲಾರಿಗಳನ್ನು ಎರಡು ವರ್ಷ ಸುತ್ತು ಹೊಡೆಸಿ ನೋಡಿದರು. ಅದರಿಂದ ಬಂದ ಸೂತ್ರ ಇದು: ಆಕ್ಸೆಲ್, ಅಂದರೆ ಚಕ್ರಗಳನ್ನು ಜೋಡಿಸುವ ಅಚ್ಚು, ಅದರ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಬೀಳುವ ಏಟು ಹೆಚ್ಚುಕಡಿಮೆ ಹದಿನಾರು ಪಟ್ಟು. ನಾಲ್ಕನೇ ಘಾತ, ನಿಮ್ಮ ಭಾಷೆಯಲ್ಲಿ. ಕಾರಿನ ಒಂದು ಆಕ್ಸೆಲ್ ಅರ್ಧ ಟನ್, ಲಾರಿಯದು ಹತ್ತು ಟನ್ ಅಂದರೆ ಏಟು 1,60,000 ಪಟ್ಟು. 2018ರಲ್ಲಿ ನಮ್ಮ ದೇಶದಲ್ಲಿ ನಾಲ್ಕು ಟೈರಿನ ಒಂಟಿ ಆಕ್ಸೆಲ್‌ಗೆ ಮಿತಿಯನ್ನು 10.2 ಟನ್ನಿನಿಂದ 11.5ಕ್ಕೆ ಏರಿಸಿದರು. ಭಾರ ಸುಮಾರು 13% ಜಾಸ್ತಿ ಆಯಿತು. ಏಟು? 60%ಗೂ ಜಾಸ್ತಿ. ಬೇಕಿದ್ದರೆ ನೀವೇ ಗುಣಿಸಿ ನೋಡಿ.

ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಈ ಗುಣಾಕಾರ ಬೇಕಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ನಮ್ಮ ಜಿಲ್ಲೆಯ ಗಣಿಗಳನ್ನೂ ನಿಲ್ಲಿಸುವವರೆಗೆ ಅದಿರು ಲಾರಿಗಳು ಓಡಿದ ರಸ್ತೆಗಳು ಹೇಗಿದ್ದವು ಅಂತ ಅವರನ್ನು ಕೇಳಿ. ತೆಂಗಿನ ಗರಿಯ ಮೇಲೆ ಕೆಂಪು ಧೂಳು, ರಸ್ತೆಯಲ್ಲಿ ಕೆಂಪು ಕೆಸರು. ಟೋಲ್ ಆದರೂ ಆಕ್ಸೆಲ್ ಎಣಿಸಿ ಜಾಸ್ತಿ ವಸೂಲಿ ಮಾಡುತ್ತದೆ. ಪೆಟ್ರೋಲ್, ಡೀಸೆಲ್ ತೆರಿಗೆಗೆ ಆ ಬುದ್ಧಿ ಇಲ್ಲ. ಲಾರಿ ಜಾಸ್ತಿ ಡೀಸೆಲ್ ಕುಡಿಯುತ್ತದೆ, ನಿಜ. ಆದರೆ ಲಕ್ಷ ಪಟ್ಟು ಕುಡಿಯುವುದಿಲ್ಲವಲ್ಲ?

ಪೆಟ್ರೋಲ್ ದುಡ್ಡನ್ನು ರಸ್ತೆಗೇ ಅಂತ ಎತ್ತಿಡುವ ಯೋಚನೆ ಹೊಸದಲ್ಲ. 1927ರಲ್ಲಿ ಎಂ.ಆರ್. ಜಯಕರ್ ಸಮಿತಿ ನೇಮಕವಾಯಿತು. ಅದರ ಮಾತಿನಂತೆ 1929ರಲ್ಲಿ ಗ್ಯಾಲನ್ ಪೆಟ್ರೋಲಿಗೆ ಎರಡಾಣೆ ಹೆಚ್ಚಿಗೆ ಹಾಕಿ ಕೇಂದ್ರ ರಸ್ತೆ ನಿಧಿ ಮಾಡಿದರು. ಆ ಎರಡಾಣೆಗೆ ಒಂದು ವಿಳಾಸ ಇತ್ತು. 2000ದಲ್ಲಿ ಕಾಯ್ದೆ ಮಾಡಿ ಅದೇ ಹೆಸರಿಗೆ ಬಲ ಕೊಟ್ಟರು. 2018ರಲ್ಲಿ ಹೆಸರಿಗೆ ಬಾಲ ಬಂತು: ಕೇಂದ್ರ ರಸ್ತೆ ಮತ್ತು ಮೂಲಸೌಕರ್ಯ ನಿಧಿ. ಮೂಲಸೌಕರ್ಯ ಅಂದರೆ ಏನು ಬೇಕಾದರೂ ಆಗಬಹುದು. ಜೊತೆಗೆ ಈ ನಿಧಿಗೆ ದುಡ್ಡು ಬರುವುದು ಸೆಸ್‌ನಿಂದ, ಅಂದರೆ ಇಂಥ ಕೆಲಸಕ್ಕೆ ಅಂತ ಹೆಸರು ಹೇಳಿ ಎತ್ತುವ ಸುಂಕದಿಂದ. ಅದನ್ನು ಹಣಕಾಸು ಆಯೋಗದ ಲೆಕ್ಕದಲ್ಲಿ ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಿಲ್ಲ. ಹಾಗಾಗಿ ದಿಲ್ಲಿಗೆ ತೆರಿಗೆಗಿಂತ ಸೆಸ್ ಮೇಲೆ ಪ್ರೀತಿ ಜಾಸ್ತಿ. ಕೈ ಖಾಲಿಯಾದ ರಾಜ್ಯ ತಿರುಗಿ ಅದೇ ಪೆಟ್ರೋಲ್ ಪೈಪಿಗೇ ಬಾಯಿ ಹಾಕುತ್ತದೆ. ಪೈಪಿನ ಈ ತುದಿಯಲ್ಲಿರುವುದು ಹಾಲಿನವರ ಎಕ್ಸೆಲ್.

ಅದೂ ಎಷ್ಟು ದಿನ? ವಿದ್ಯುತ್ ಗಾಡಿ ಪೆಟ್ರೋಲ್ ಕುಡಿಯುವುದಿಲ್ಲ. ಪೆಟ್ರೋಲ್ ತೆರಿಗೆಯನ್ನು 1919ರಲ್ಲಿ ಅಮೆರಿಕದಲ್ಲೇ ಮೊದಲು ಹಾಕಿದ ಆರೆಗನ್ ರಾಜ್ಯ 2015ರಲ್ಲಿ, ಒಪ್ಪಿ ಸೇರಿದವರಿಗೆ ಮೈಲಿ ಲೆಕ್ಕದ ಶುಲ್ಕ ಶುರು ಮಾಡಿತು. ಓಡಿಸಿದಷ್ಟಕ್ಕೆ ಕೊಡು ಅಂತ. ಹೆಸರು ಏನೇ ಇಡಲಿ, ಅದು ಟೋಲೇ ಅಲ್ವಾ?

ಮೊನ್ನೆ ಆ ಹಳ್ಳಿ ಕಡೆ ಮತ್ತೆ ಹೋಗಿದ್ದೆ. ಡಾಂಬರು ಬಿದ್ದಿದೆ. ಬಿದ್ದ ಕೆಲವೇ ವಾರದಲ್ಲಿ ನೀರಿನ ಪೈಪಿಗೆ ಅಂತ ಉದ್ದಕ್ಕೂ ಅಗೆದು, ಮಣ್ಣು ಮುಚ್ಚಿ ಹೋಗಿದ್ದಾರೆ. ಕಾಮಗಾರಿಯ ಸಿಮೆಂಟ್ ಬೋರ್ಡು ಮಾತ್ರ ನೆಟ್ಟಗೆ ನಿಂತಿದೆ. ಅದಕ್ಕೆ ಯಾರೋ ಎಮ್ಮೆ ಕಟ್ಟಿದ್ದರು. ಹಗ್ಗ ಉಜ್ಜಿ ಉಜ್ಜಿ ಅಂದಾಜು ಮೊತ್ತದ ಸಾಲು ಅಳಿಸಿಹೋಗಿದೆ. ಶಾಸಕರ ಹೆಸರು ಮೇಲಿರುವುದರಿಂದ ಚೆನ್ನಾಗಿ ಕಾಣುತ್ತದೆ.

ಮೇಷ್ಟ್ರೇ, 2025ರ ಆಗಸ್ಟ್ 15ರಂದು ವಾರ್ಷಿಕ ಪಾಸು ಶುರುವಾಯಿತು, ಆಗ ಅದಕ್ಕೆ ₹3,000. 200 ಸಲ ದಾಟಬಹುದು, ಆ ದರದಲ್ಲಿ ಒಂದು ಸಲಕ್ಕೆ ₹15 ಬಿತ್ತು. ನಿಮ್ಮಂಥ ಸ್ವಂತ ಕಾರಿನವರಿಗೆ ಮಾತ್ರ, ತರಕಾರಿ ಟೆಂಪೋದವರಿಗೆ ಇಲ್ಲ. ಅದು ಅನುಕೂಲವೋ ತಿಂಗಳ ಪಾಸೋ ಅಂತ ಹತ್ತನೇ ಕ್ಲಾಸಿನ ಮಕ್ಕಳಿಗೆ ಒಂದು ಲೆಕ್ಕ ಕೊಡಿ. ಅದರ ಕೆಳಗೇ ಎಕ್ಸೆಲ್ ಲೆಕ್ಕವನ್ನೂ ಕೊಡಿ. ಉತ್ತರ ಬಿಡಿಸಿದ ಹಾಳೆ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಮಕ್ಕಳ ಹೆಸರು ಹಾಕಬಹುದು ತಾನೇ?