ಮಣ್ಣು ಮುಚ್ಚಿದರೆ ಮೌಂಟನ್ ಮಿಂಟ್ ಹುಟ್ಟದು

ಪ್ರಶ್ನೆ: ನಾವಿರುವುದು ಅಮೆರಿಕದ ಒಹಾಯೊದಲ್ಲಿ. ಪುದೀನದ ಕುಟುಂಬಕ್ಕೆ ಸೇರಿದ, ಇಲ್ಲಿಯದೇ ಗಿಡವಾದ ಮೌಂಟನ್ ಮಿಂಟ್ ಬೆಳೆಸೋಣವೆಂದು ಏಪ್ರಿಲ್‌ನಲ್ಲಿ ಬೀಜವನ್ನು ಅರ್ಧ ಇಂಚು ಆಳಕ್ಕೆ ಹಾಕಿದೆ. ತಿಂಗಳಾದರೂ ಒಂದೂ ಹುಟ್ಟಲಿಲ್ಲ. ಮೊದಲು ಫ್ರಿಜ್ಜಿನಲ್ಲಿ ಇಡಬೇಕಿತ್ತೇ? ಇದೂ ಪುದೀನದ ಹಾಗೆ ಹಿತ್ತಲನ್ನೆಲ್ಲ ಆವರಿಸುತ್ತದೆಯೇ?

ಉತ್ತರ: ಕೆಟ್ಟಿದ್ದು ಚಳಿ ಸಾಲದೆ ಅಲ್ಲ, ಆಳ ಹೆಚ್ಚಾಗಿ. ಈ ಬೀಜ ಗಸಗಸೆಯಷ್ಟು ಸಣ್ಣದು, ಮೊಳೆಯಲು ಬೆಳಕು ಬೇಕು. ಅರ್ಧ ಇಂಚು ಮಣ್ಣಿನಡಿ ಬೆಳಕೂ ಇಲ್ಲ, ಮೇಲೆದ್ದು ಬರುವಷ್ಟು ಕಸುವೂ ಅದರಲ್ಲಿಲ್ಲ.

ಇಬ್ಬನಿ ಹೆಪ್ಪುಗಟ್ಟುವ ಕೊನೆಯ ಚಳಿಗೆ ಆರೆಂಟು ವಾರ ಮೊದಲು ಒಳಗೆ ಬಿತ್ತಿ. ಗೊಬ್ಬರವಿಲ್ಲದ, ನಯವಾದ, ಬೀಜ ಮೊಳೆಸುವ ಮಿಶ್ರಣವನ್ನು ಟ್ರೇಗೆ ತುಂಬಿ, ಮೊದಲೇ ನೆನೆಸಿ ಸಮ ಮಾಡಿ. ಬೀಜವನ್ನು ಒಣ ಮರಳಿನ ಜೊತೆ ಬೆರೆಸಿ ಚಿಟಿಕೆಯಲ್ಲಿ ಉದುರಿಸಿ. ಹಾಗೆ ಮಾಡದಿದ್ದರೆ ಒಂದೇ ಕಡೆ ಗುಂಪಾಗಿ ಬೀಳುತ್ತದೆ. ಆಮೇಲೆ ಅಂಗೈಯಿಂದ ಒತ್ತಿ, ಅಷ್ಟೇ. ಮಣ್ಣು ಮುಚ್ಚಬೇಡಿ. ನೀರನ್ನೂ ಮೇಲಿಂದ ಸುರಿಯಬೇಡಿ, ಬೀಜ ತೇಲಿ ಮೂಲೆ ಸೇರುತ್ತದೆ. ಟ್ರೇಯನ್ನು ಹತ್ತು ನಿಮಿಷ ನೀರಿನ ತಟ್ಟೆಯಲ್ಲಿಟ್ಟು, ಮೇಲ್ಮೈ ಕಪ್ಪಾದ ಮೇಲೆ ತೆಗೆಯಿರಿ. ಸುಮಾರು 21 ಡಿಗ್ರಿ ಸೆಲ್ಸಿಯಸ್ ಶಾಖವಿದ್ದರೆ ಎರಡು ಮೂರು ವಾರದಲ್ಲಿ ಮೊಳಕೆ ಕಾಣುತ್ತದೆ.

ಮುಚ್ಚಳ ಹಾಕಿದ್ದರೆ ಮೊಳಕೆ ಕಂಡ ದಿನವೇ ತೆಗೆಯಿರಿ. ತೇವ ನಿಂತು ಗಾಳಿಯಾಡದಿದ್ದರೆ ಕಾಂಡದ ಬುಡ ದಾರದಂತೆ ಸಣ್ಣಗಾಗಿ ಸಸಿ ಅಡ್ಡ ಬೀಳುತ್ತದೆ. ಅದು ಶಿಲೀಂಧ್ರದ ಕಾಟ; ಬಿದ್ದವು ಏಳುವುದಿಲ್ಲ.

ಫ್ರಿಜ್ಜಿನ ಚಳಿ ಸಾಮಾನ್ಯವಾಗಿ ಬೇಡ. ಆದರೂ ಒಂದು ತಿಂಗಳು ಒದ್ದೆ ಮರಳಿನಲ್ಲಿ ಇಟ್ಟರೆ ಕೆಡುಕೇನಿಲ್ಲ. ತಳಕ್ಕೆ ತೂತು ಕೊರೆದ ಹಾಲಿನ ಪ್ಲಾಸ್ಟಿಕ್ ಕ್ಯಾನಿನಲ್ಲಿ ಜನವರಿಯಲ್ಲಿ ಬಿತ್ತಿ ಹೊರಗೇ ಬಿಟ್ಟುಬಿಡುವುದೂ ಒಂದು ದಾರಿ. ಸೋಮಾರಿಗಳಿಗೆ ಹೇಳಿ ಮಾಡಿಸಿದ್ದು.

ಮೂರು ಜೊತೆ ಎಲೆ ಬಂದ ಮೇಲೆ ಒಂದು ವಾರ ಹೊರಗಿನ ಗಾಳಿ ಬಿಸಿಲಿಗೆ ರೂಢಿ ಮಾಡಿಸಿ, ದಿನಕ್ಕೆ ಆರು ಗಂಟೆ ಬಿಸಿಲು ಬೀಳುವ ಕಡೆ 18 ಇಂಚು ಅಂತರಕ್ಕೆ ನೆಡಿ. ಮೊದಲ ವರ್ಷ ಬರೀ ಎಲೆ ಬಂದರೆ ಗಾಬರಿಯಾಗಬೇಡಿ, ಹೂವು ಹೆಚ್ಚಾಗಿ ಎರಡನೆಯ ವರ್ಷಕ್ಕೆ.

ಹಬ್ಬುವುದು ನಿಜ, ಆದರೆ ಪುದೀನದಷ್ಟು ಪುಂಡಲ್ಲ. ಬೇರುಕಾಂಡ ಮೇಲ್ಪದರದಲ್ಲೇ ಓಡುವುದರಿಂದ ವಸಂತದಲ್ಲಿ ಗುದ್ದಲಿಯಿಂದ ಸುತ್ತ ಕಡಿದರೆ ಸಾಕು. ಹೆಚ್ಚು ಹಬ್ಬುವುದು ಬೇಡವೆಂದರೆ ಅಗಲ ಎಲೆಯ ಮ್ಯುಟಿಕಮ್ ಎಂಬ ಜಾತಿ ಬಿಟ್ಟು, ಕಿರಿದೆಲೆಯ ಟೆನ್ಯುಯಿಫೋಲಿಯಂ ಜಾತಿ ಆರಿಸಿಕೊಳ್ಳಿ. ಚಟ್ನಿಗೆ ಮಾತ್ರ ಬೇಡ: ಕೆಲವು ಜಾತಿಗಳಲ್ಲಿ ಯಕೃತ್ತಿಗೆ ಹಾನಿ ಮಾಡುವ ಪುಲೆಗೋನ್ ಎಂಬ ರಾಸಾಯನಿಕ ಇರುತ್ತದೆ.